ಶತ್ರುವಿನ ಗುಂಡಿಗೆ ಗಾಯಗೊಂಡ ಸೈನಿಕರಿಗೆ ಪರಾಕ್ರಮ ಪದಕ: ಅರ್ಹತೆ, ಕಾಗದ, ಅರ್ಜಿ

ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ. ಈ ಹೆಸರುಗಳನ್ನು ಶಾಲಾ ಮಕ್ಕಳೂ ಹೇಳುತ್ತಾರೆ. ಆದರೆ ಶತ್ರುವಿನ ಗುಂಡು ಅಥವಾ ಶೆಲ್ ಚೂರು ಮೈಗೆ ಹೊಕ್ಕವರಿಗೂ ಒಂದು ಪದಕ ಇದೆ. ಅದು ಗಾಯಗೊಂಡವರ ಮನೆಯಲ್ಲೇ ಎಷ್ಟೋ ಸಲ ಯಾರಿಗೂ ಗೊತ್ತಿರುವುದಿಲ್ಲ. ಕಾರ್ಗಿಲ್ ಯುದ್ಧದ ಸರ್ಕಾರಿ ಲೆಕ್ಕ ನೋಡಿ: ಪ್ರಾಣ ಕೊಟ್ಟವರು 527, ಗಾಯಗೊಂಡವರು 1,363. ಸ್ಮಾರಕದ ಕಲ್ಲಿನ ಮೇಲಿರುವ ಒಂದೊಂದು ಹೆಸರಿಗೆ ಎರಡಕ್ಕಿಂತ ಜಾಸ್ತಿ ಗಾಯಾಳುಗಳು. ಅವರೆಲ್ಲ ಊರಿಗೆ ಬಂದು ಜಮೀನು ನೋಡಿಕೊಂಡು, ಬ್ಯಾಂಕಿನಲ್ಲಿ ಸೆಕ್ಯುರಿಟಿ ಕೆಲಸ ಮಾಡಿಕೊಂಡು ಇದ್ದಾರೆ.

ಆ ಪದಕದ ಹೆಸರು ಪರಾಕ್ರಮ ಪದಕ. ಇಂಗ್ಲಿಷ್ ಕಾಗದಗಳಲ್ಲಿ ವೂಂಡ್ ಮೆಡಲ್ ಎಂದು ಬರೆದಿರುತ್ತಾರೆ. ದಾಖಲೆ ಹುಡುಕುವಾಗ ಎರಡೂ ಹೆಸರು ನೆನಪಿಟ್ಟುಕೊಳ್ಳಿ. ಇದು ಶುರುವಾಗಿದ್ದು 1973ರಲ್ಲಿ. ಆದರೆ 1947ರ ಆಗಸ್ಟ್ 15ರಿಂದ ಈಚೆಗೆ ಆದ ಗಾಯಗಳಿಗೂ ಅನ್ವಯಿಸುತ್ತದೆ. ಹಾಗಾಗಿ 1962, 1965, 1971ರಲ್ಲಿ ಗಾಯಗೊಂಡವರನ್ನೂ ಇದು ಒಳಗೊಳ್ಳುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದು ಶೌರ್ಯ ಪ್ರಶಸ್ತಿ ಅಲ್ಲ. ಯಾರೂ ಶಿಫಾರಸು ಮಾಡಬೇಕಿಲ್ಲ, ಎಷ್ಟು ಧೈರ್ಯ ತೋರಿಸಿದರು ಎಂದು ಯಾರೂ ಅಳೆಯುವುದಿಲ್ಲ. ಗಾಯ ಆಗಿದೆಯೇ, ಅದು ಶತ್ರುವಿನಿಂದ ಆದದ್ದೇ, ಅದಕ್ಕೆ ದಾಖಲೆ ಇದೆಯೇ, ಇಷ್ಟೇ ಪ್ರಶ್ನೆ. ಇದರ ಜೊತೆ ತಿಂಗಳ ಭತ್ಯೆಯೂ ಬರುವುದಿಲ್ಲ. ಹಾಗಾದರೆ ಇಷ್ಟು ಓಡಾಟ ಯಾಕೆ ಎಂದು ಕೇಳುವವರಿದ್ದಾರೆ. ಅದನ್ನು ಗಾಯಗೊಂಡವರೇ ನಿರ್ಧರಿಸಲಿ. ನನ್ನ ಮಟ್ಟಿಗೆ, ಈ ಪದಕಕ್ಕಾಗಿ ಹುಡುಕುವ ಕಾಗದಗಳೇ ಪೆನ್ಷನ್ ವಿಷಯದಲ್ಲೂ ಕೆಲಸಕ್ಕೆ ಬರುತ್ತವೆ. ಆ ಒಂದು ಕಾರಣವೇ ಸಾಕು.

ಮೊದಲು: ಆ ಗಾಯ ಲೆಕ್ಕಕ್ಕೆ ಬರುತ್ತದೆಯೇ?

ನಿಯಮದ ತಿರುಳು ಇಷ್ಟು. ಯಾವುದೇ ಬಗೆಯ ಸೈನಿಕ ಕಾರ್ಯಾಚರಣೆಯಲ್ಲಿ ಅಥವಾ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ, ಶತ್ರುವಿನ ನೇರ ಕ್ರಿಯೆಯಿಂದ ಗಾಯವಾಗಿರಬೇಕು. ಇದರಲ್ಲಿ 'ನೇರ' ಎಂಬ ಮಾತಿಗೆ ಭಾರ ಜಾಸ್ತಿ. ಅರ್ಜಿಗಳು ಎಡವುವುದು ಅಲ್ಲೇ.

ಗಡಿಯಲ್ಲಿ ಶತ್ರುವಿನ ಗುಂಡು ತಗುಲಿದರೆ ಅನುಮಾನವೇ ಇಲ್ಲ. ಶೆಲ್ ಸಿಡಿದು ಚೂರು ಹೊಕ್ಕರೂ ಹಾಗೆಯೇ. ಕಾಶ್ಮೀರದಲ್ಲೋ ಈಶಾನ್ಯ ರಾಜ್ಯಗಳಲ್ಲೋ ಉಗ್ರರು ಹುಗಿದಿಟ್ಟ ಬಾಂಬ್ ಸಿಡಿದು ಕಾಲು ಹೋದರೆ ಅದೂ ಶತ್ರುವಿನ ಕೆಲಸವೇ. ಯುದ್ಧ ಘೋಷಣೆ ಆಗಿರಬೇಕು ಎಂದೇನಿಲ್ಲ.

ತೊಡಕು ಬರುವುದು ನಡುವಿನ ಪ್ರಕರಣಗಳಲ್ಲಿ. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿ ಆದಮೇಲೆ ಸೇನೆ ಗಡಿಗೆ ಹೋಯಿತು. ರಾಜಸ್ಥಾನದಿಂದ ಜಮ್ಮುವಿನವರೆಗೆ ಮೈನ್‌ಗಳನ್ನು ಹೂಳಲಾಯಿತು. ಹೂಳುವಾಗ, ಆಮೇಲೆ ತೆಗೆಯುವಾಗ, ನಮ್ಮದೇ ಮೈನ್ ಸಿಡಿದು ಬಹಳ ಜನ ಕೈಕಾಲು ಕಳೆದುಕೊಂಡರು. ಯುದ್ಧ ನಡೆಯಲೇ ಇಲ್ಲ. ಇಂಥ ಗಾಯ ಪೆನ್ಷನ್ ನಿಯಮದಲ್ಲಿ ಯುದ್ಧದ ಗಾಯಕ್ಕೆ ಸಮ. ಆದರೆ ಪದಕದ ಅರ್ಜಿ ಹಾಕಿದರೆ 'ಶತ್ರುವಿನ ನೇರ ಕ್ರಿಯೆ ಎಲ್ಲಿ?' ಎಂಬ ಪ್ರಶ್ನೆ ಏಳುತ್ತದೆ. ಇದು ನ್ಯಾಯವೇ ಎಂದು ಕೇಳಿದರೆ, ಕಾಲು ಕಳೆದುಕೊಂಡವನಿಗೆ ಮೈನ್ ಯಾರದು ಎಂಬುದರಿಂದ ನೋವು ಕಮ್ಮಿ ಆಗುವುದಿಲ್ಲ. ಆದರೂ ನಿಯಮ ಹಾಗಿದೆ. ಅರ್ಜಿ ಬರೆಯುವ ಮೊದಲು ಇದು ಗೊತ್ತಿರಬೇಕು.

ಜೀಪು ಕಣಿವೆಗೆ ಉರುಳಿದ್ದು, ಮಂಜಿನಲ್ಲಿ ಬೆರಳು ಕೊಳೆತದ್ದು, ಫೈರಿಂಗ್ ರೇಂಜ್‌ನಲ್ಲಿ ತರಬೇತಿ ವೇಳೆ ಆದ ಗಾಯ, ಇವು ಸೇವೆಯಲ್ಲಿ ಆದ ಗಾಯಗಳೇ ಹೌದು. ಪರಿಹಾರಕ್ಕೆ ಬೇರೆ ದಾರಿಗಳಿವೆ. ಈ ಪದಕಕ್ಕೆ ಮಾತ್ರ ಅಲ್ಲ.

ಅರ್ಹರ ಪಟ್ಟಿ ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಭೂಸೇನೆ, ನೌಕಾಪಡೆ, ವಾಯುಪಡೆ ಸರಿ. ಜೊತೆಗೆ ಟೆರಿಟೋರಿಯಲ್ ಆರ್ಮಿ, ಮೀಸಲು ಪಡೆ, ಮಿಲಿಟರಿ ನರ್ಸಿಂಗ್‌ನವರು, ಸೇನೆಯ ಜೊತೆ ಕೆಲಸ ಮಾಡುವ ನಾಗರಿಕ ನೌಕರರೂ ಬರುತ್ತಾರೆ. ಅಡುಗೆಯವರಾಗಿದ್ದೆ, ನನಗೆಲ್ಲಿ ಪದಕ ಎಂದು ಸುಮ್ನೆ ಕೂರಬೇಕಿಲ್ಲ.

ವಿಮಾನ ಸಿಬ್ಬಂದಿಗೆ ಇನ್ನೊಂದು ಅನುಕೂಲ ಇದೆ. ಶತ್ರುವಿನ ಹೊಡೆತಕ್ಕೆ ವಿಮಾನ ಹಾಳಾಗಿ, ಅದರಿಂದ ಹಾರುವಾಗಲೋ ನೆಲಕ್ಕೆ ಅಪ್ಪಳಿಸುವಾಗಲೋ ಪೆಟ್ಟು ಬಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. 1965ರ ಯುದ್ಧದ ಕೊನೆಯ ದಿನಗಳಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಕೆ. ಸಿ. ಕಾರ್ಯಪ್ಪ ಅವರ ಹಂಟರ್ ವಿಮಾನಕ್ಕೆ ನೆಲದಿಂದ ಗುಂಡು ಬಿದ್ದಿತ್ತು. ಅವರು ವಿಮಾನದಿಂದ ಹಾರಿ ಪಾಕಿಸ್ತಾನದಲ್ಲಿ ಸೆರೆಯಾದರು. ನಿಯಮದ ಈ ಭಾಗ ಇರುವುದೇ ಅಂಥ ಸಂದರ್ಭಗಳಿಗೆ.

ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಪಡೆಗಳಲ್ಲಿ ಇದ್ದವರು ತಮ್ಮ ಪಡೆಯ ಕಚೇರಿಯನ್ನೇ ಕೇಳಬೇಕು. ಅವರ ದಾಖಲೆ ಸೇನೆಯ ಹತ್ತಿರ ಇರುವುದಿಲ್ಲ.

ಮನೆಯಲ್ಲಿರುವ ಪದಕ ಯಾವುದು ಎಂದು ಗುರುತಿಸಿ

ಅರ್ಜಿ ಹಾಕುವ ಮೊದಲು ಮನೆಯಲ್ಲಿರುವ ಪದಕಗಳನ್ನು ಒಮ್ಮೆ ಹರಡಿಕೊಂಡು ನೋಡಿ. ಅಜ್ಜನಿಗೋ ಅಪ್ಪನಿಗೋ ಪರಾಕ್ರಮ ಪದಕ ಆಗಲೇ ಬಂದಿರಬಹುದು. ಇದರ ರಿಬ್ಬನ್ ಬಿಳಿ, ನಡುವೆ ಅಗಲವಾದ ಕೆಂಪು ಪಟ್ಟಿ. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ.

ಹೆಸರಿನ ಗೊಂದಲ ಮಾತ್ರ ದೊಡ್ಡದು. 2001-02ರ ಆ ಸೇನಾ ಜಮಾವಣೆಗೆ ಆಪರೇಷನ್ ಪರಾಕ್ರಮ್ ಎಂದು ಹೆಸರು. ಅದರಲ್ಲಿ ಪಾಲ್ಗೊಂಡವರಿಗೆ ಆಪರೇಷನ್ ಪರಾಕ್ರಮ್ ಮೆಡಲ್ ಎಂಬ ಬೇರೆಯೇ ಪದಕ ಸಿಕ್ಕಿತು. ಗಾಯಕ್ಕೂ ಅದಕ್ಕೂ ಸಂಬಂಧ ಇಲ್ಲ. 'ಅಪ್ಪನಿಗೆ ಪರಾಕ್ರಮ ಮೆಡಲ್ ಇದೆ' ಎಂದು ಮಕ್ಕಳು ಹೇಳಿದರೆ, ಯಾವುದು ಎಂದು ಕೇಳಲೇಬೇಕು. ಜನವರಿ 23ರ ಪರಾಕ್ರಮ ದಿವಸಕ್ಕೂ ಈ ಪದಕಕ್ಕೂ ನಂಟಿಲ್ಲ, ಅದು ನೇತಾಜಿಯವರ ಹುಟ್ಟುಹಬ್ಬ.

1971ರವರ ಹತ್ತಿರ ಪೂರ್ವಿ ಸ್ಟಾರ್ ಅಥವಾ ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್ ಇರುತ್ತದೆ. 1965ರವರಿಗೆ ಸಮರ ಸೇವಾ ಸ್ಟಾರ್, ರಕ್ಷಾ ಮೆಡಲ್. ಕಾರ್ಗಿಲ್‌ನವರಿಗೆ ಆಪರೇಷನ್ ವಿಜಯ್ ಸ್ಟಾರ್, ಆಪರೇಷನ್ ವಿಜಯ್ ಮೆಡಲ್. ಇವೆಲ್ಲ ಆ ಕಾಲದಲ್ಲಿ ಆ ಜಾಗದಲ್ಲಿ ಸೇವೆ ಮಾಡಿದ್ದಕ್ಕೆ ಕೊಟ್ಟವು. ಗಾಯದ ಪದಕ ಅಲ್ಲದಿದ್ದರೂ ಇವುಗಳಿಂದ ಒಂದು ಪ್ರಯೋಜನ ಇದೆ. ಅವರು ಆ ಯುದ್ಧದಲ್ಲಿ ಇದ್ದರು ಎಂಬುದಕ್ಕೆ ಸಾಕ್ಷಿ ಸಿಗುತ್ತದೆ.

ಪದಕದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸೈನಿಕನ ನಂಬರ್, ರ್ಯಾಂಕ್, ಹೆಸರು, ರೆಜಿಮೆಂಟ್ ಅಲ್ಲಿ ಕೊರೆದಿರುತ್ತದೆ. ಸೇನೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ ಕಳೆದುಹೋದ ಮನೆಗಳಲ್ಲಿ ಎಲ್ಲಕ್ಕಿಂತ ಬೇಕಾದ ಸಂಗತಿ, ಅಂದರೆ ಆರ್ಮಿ ನಂಬರ್, ಅಲ್ಲಿಂದಲೇ ಸಿಗುತ್ತದೆ.

ಎರಡನೇ ಮಹಾಯುದ್ಧಕ್ಕೆ ಹೋಗಿದ್ದ ಮುತ್ತಜ್ಜನ ಫೋಟೋ ಕೆಲವರ ಮನೆಯಲ್ಲಿ ಇರಬಹುದು, ಕೊಡಗಿನ ಕಡೆ ಜಾಸ್ತಿ. ಎಡತೋಳಿನ ಕೆಳಗೆ ನೇರವಾಗಿ ನಿಂತ ಚಿನ್ನದ ಬಣ್ಣದ ಸಣ್ಣ ಪಟ್ಟಿ ಕಂಡರೆ ಅದು ಗಾಯದ ಪಟ್ಟಿ. ಬ್ರಿಟಿಷರು ಅದನ್ನು 1916ರಲ್ಲಿ ತಂದರು, ಎರಡನೇ ಯುದ್ಧದ ವೇಳೆ 1944ರಲ್ಲಿ ಮತ್ತೆ ಜಾರಿ ಮಾಡಿದರು. ಆ ಕಾಲದ ಗಾಯಗಳಿಗೆ ಪರಾಕ್ರಮ ಪದಕ ಇಲ್ಲ. ಗಾಯಗೊಂಡ ಸೈನಿಕರಿಗೆ ಅಮೆರಿಕ ಕೊಡುವ ಪರ್ಪಲ್ ಹಾರ್ಟ್ ಬಗ್ಗೆ ಕೇಳಿದವರು ಇದನ್ನೂ ಅದನ್ನೂ ಹೋಲಿಸುತ್ತಾರೆ. 1932ರಲ್ಲಿ ಮತ್ತೆ ಶುರುವಾದ ಆ ಪದಕಕ್ಕೆ ಅಲ್ಲಿ ಇರುವ ಪ್ರಚಾರ ನಮ್ಮಲ್ಲಿ ಇದಕ್ಕೆ ಇಲ್ಲ, ಅಷ್ಟೇ.

ಮನೆಯಲ್ಲೇ ಹುಡುಕಬೇಕಾದ ಕಾಗದಗಳು

ಸೈನಿಕ ಗಾಯಗೊಂಡ ಕೂಡಲೇ ಅವನ ಯೂನಿಟ್‌ನಿಂದ ಮೇಲಕ್ಕೆ ಒಂದು ವರದಿ ಹೋಗುತ್ತದೆ. ಅದರಲ್ಲಿ ಅವನನ್ನು 'ಬ್ಯಾಟಲ್ ಕ್ಯಾಷುಯಲ್ಟಿ' ಎಂದು ಬರೆಯುತ್ತಾರೋ 'ಫಿಸಿಕಲ್ ಕ್ಯಾಷುಯಲ್ಟಿ' ಎಂದು ಬರೆಯುತ್ತಾರೋ ಎಂಬುದರ ಮೇಲೆ ಮುಂದಿನ ಎಲ್ಲವೂ ನಿಂತಿದೆ. ಮೊದಲನೆಯದು ಕಾಳಗದಲ್ಲಿ ಆದ ಹಾನಿ, ಎರಡನೆಯದು ಬೇರೆ ಕಾರಣದಿಂದ ಆದದ್ದು. ಆ ವರದಿಯನ್ನು ಆಧರಿಸಿ ಪಾರ್ಟ್ ಟು ಆರ್ಡರ್ ಎಂಬ ಆದೇಶ ಹೊರಡುತ್ತದೆ. ಸೈನಿಕನ ಬದುಕಿನಲ್ಲಿ ಮದುವೆ, ಮಗು, ಬಡ್ತಿ, ಗಾಯ, ಪದಕ ಎಲ್ಲ ದಾಖಲಾಗುವುದು ಪಾರ್ಟ್ ಟು ಆರ್ಡರ್‌ನಲ್ಲೇ. ಅದರ ನಂಬರ್ ಮತ್ತು ತಾರೀಕು ನಿಮ್ಮ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು.

ಹಾಗಾಗಿ ಮೊದಲು ಡಿಸ್ಚಾರ್ಜ್ ಬುಕ್ ತೆಗೆಯಿರಿ. ಪುಟ ಪುಟವಾಗಿ ನೋಡಿ. ಪದಕಗಳ ಕಾಲಂ, ಮೆಡಿಕಲ್ ಕೆಟಗರಿ, ಬಿಡುಗಡೆಯ ಕಾರಣ, ಈ ಮೂರನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಪೆನ್ಷನ್ ಆದೇಶ, ಅಂದರೆ ಪಿಪಿಒ. ಅದರಲ್ಲಿ ವಾರ್ ಇಂಜುರಿ ಎಂಬ ಮಾತಿದೆಯೋ ಬರೀ ಡಿಸೆಬಿಲಿಟಿ ಎಂದಿದೆಯೋ ನೋಡಿ. ವಾರ್ ಇಂಜುರಿ ಎಂದಿದ್ದರೆ ನಿಮ್ಮ ಪರವಾದ ದೊಡ್ಡ ದಾಖಲೆ ಸಿಕ್ಕಂತೆ.

ಇನ್ನು ಆಸ್ಪತ್ರೆಯ ಕಾಗದಗಳು. ಮಿಲಿಟರಿ ಆಸ್ಪತ್ರೆಯ ಡಿಸ್ಚಾರ್ಜ್ ಸ್ಲಿಪ್, ಗಾಯದ ವರದಿ, ಮೆಡಿಕಲ್ ಬೋರ್ಡ್ ನಡಾವಳಿ. ಗಾಯದ ವರದಿಯ ಫಾರಂಗೆ ಐಎಎಫ್‌ವೈ 2006 ಎಂಬ ಹೆಸರಿದೆ. ಬಿಡುಗಡೆ ಹೊತ್ತಿನ ಮೆಡಿಕಲ್ ಬೋರ್ಡ್ ನಡಾವಳಿಯನ್ನು ಎಎಫ್‌ಎಂಎಸ್‌ಎಫ್ 16 ಎನ್ನುತ್ತಾರೆ. ಮೂಲೆಯಲ್ಲಿ ಈ ಅಕ್ಷರಗಳಿರುವ ಹಳದಿಯಾದ ಹಾಳೆ ಸಿಕ್ಕರೆ ಎಸೆಯಬೇಡಿ. ಕೃತಕ ಕಾಲು ಹಾಕಿಸಿಕೊಂಡವರು ಪುಣೆಯ ಆರ್ಟಿಫಿಷಿಯಲ್ ಲಿಂಬ್ ಸೆಂಟರ್‌ಗೆ ಹೋಗಿರುತ್ತಾರೆ. ಅಲ್ಲಿ ಕೊಟ್ಟ ಪುಸ್ತಕವೂ ಲೆಕ್ಕಕ್ಕೆ ಬರುತ್ತದೆ.

ಮನೆಗೆ ಬಂದಿದ್ದ ತಂತಿ, ಪತ್ರ, ಕಮಾಂಡಿಂಗ್ ಅಧಿಕಾರಿ ಬರೆದ ಕಾಗದ, ಆ ಕಾಲದ ಪತ್ರಿಕೆಯ ತುಣುಕು. ಇವು ಒಂಟಿಯಾಗಿ ಸಾಲುವುದಿಲ್ಲ. ಆದರೆ ತಾರೀಕು, ಜಾಗ ಗೊತ್ತುಮಾಡಲು ಸಹಾಯ ಮಾಡುತ್ತವೆ.

ಮತ್ತೆ ಹೆಸರಿನ ತಾಪತ್ರಯ. ಸೇನೆಗೆ ಸೇರಿದ ದಿನ ಕ್ಲರ್ಕ್ ಕಿವಿಗೆ ಬಿದ್ದಂತೆ ಬರೆದ ಹೆಸರೇ ಕೊನೆವರೆಗೂ ನಡೆದಿರುತ್ತದೆ. ಉತ್ತರ ಕರ್ನಾಟಕದ ಅಡ್ಡಹೆಸರು, ಕೊಡವರ ಮನೆ ಹೆಸರು, ಹಳೇ ಮೈಸೂರಿನ ಇನಿಷಿಯಲ್ ಎಲ್ಲ ಕಲಸಿಹೋಗಿ ಆಧಾರ್‌ನಲ್ಲಿ ಒಂದು, ಸೇನೆಯಲ್ಲಿ ಇನ್ನೊಂದು ಆಗಿರುತ್ತದೆ. ಇಬ್ಬರೂ ಒಬ್ಬರೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಮೊದಲೇ ಇಟ್ಟುಕೊಳ್ಳಿ.

ಯಾವ ರೆಕಾರ್ಡ್ ಆಫೀಸ್?

ಜೆಸಿಒ (ಸುಬೇದಾರ್ ಮಟ್ಟದವರು) ಮತ್ತು ಜವಾನರ ದಾಖಲೆ ದೆಹಲಿಯಲ್ಲಿ ಇರುವುದಿಲ್ಲ. ಅವರವರ ರೆಜಿಮೆಂಟ್‌ನ ರೆಕಾರ್ಡ್ ಆಫೀಸ್‌ನಲ್ಲಿ ಇರುತ್ತದೆ. ಕರ್ನಾಟಕದವರಿಗೆ ಕೆಲವು ಹತ್ತಿರವೇ ಇವೆ. ಮರಾಠಾ ಲೈಟ್ ಇನ್‌ಫಂಟ್ರಿ ಎಂದರೆ ಬೆಳಗಾವಿ. ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂದರೆ ಬೆಂಗಳೂರಿನ ಹಲಸೂರು. ಪ್ಯಾರಾಚೂಟ್ ರೆಜಿಮೆಂಟ್, ಪಯೊನೀರ್ ಕೋರ್, ಮಿಲಿಟರಿ ಪೊಲೀಸ್ ಕೂಡ ಬೆಂಗಳೂರೇ. ಮದ್ರಾಸ್ ರೆಜಿಮೆಂಟ್ ನೀಲಗಿರಿಯ ವೆಲಿಂಗ್ಟನ್‌ನಲ್ಲಿ, ಆರ್ಟಿಲರಿ ನಾಸಿಕ್ ರೋಡ್‌ನಲ್ಲಿ, ಯಂತ್ರ, ವಾಹನಗಳ ದುರಸ್ತಿ ನೋಡುವ ಇಎಂಇ ಸಿಕಂದರಾಬಾದ್‌ನಲ್ಲಿ, ಸಿಗ್ನಲ್ಸ್ ಜಬಲ್ಪುರದಲ್ಲಿ, ಮೆಡಿಕಲ್ ಕೋರ್ ಲಖನೌದಲ್ಲಿ. ವಾಯುಪಡೆಯವರದು ದೆಹಲಿಯ ಸುಬ್ರತೋ ಪಾರ್ಕ್, ನೌಕಾಪಡೆಯ ನಾವಿಕರದು ಮುಂಬೈನ ಮಾನ್‌ಖುರ್ದ್. ಅಧಿಕಾರಿಗಳಾಗಿದ್ದವರ ದಾಖಲೆ ಮಾತ್ರ ದೆಹಲಿಯ ಮುಖ್ಯ ಕಚೇರಿಯಲ್ಲಿ.

ರಾಷ್ಟ್ರೀಯ ರೈಫಲ್ಸ್‌ನಲ್ಲಿದ್ದು ಕಾಶ್ಮೀರದಲ್ಲಿ ಗಾಯಗೊಂಡವರು ಇಲ್ಲಿ ತಪ್ಪುದಾರಿ ಹಿಡಿಯುತ್ತಾರೆ. ಆರ್‌ಆರ್‌ಗೆ ಅವರು ಹೋಗಿದ್ದು ತಮ್ಮ ಮೂಲ ರೆಜಿಮೆಂಟ್‌ನಿಂದ, ಕೆಲವು ವರ್ಷದ ಮಟ್ಟಿಗೆ. ದಾಖಲೆ ಮೂಲ ರೆಜಿಮೆಂಟ್‌ನಲ್ಲೇ ಇರುತ್ತದೆ. ಅರ್ಜಿ ಅಲ್ಲಿಗೇ ಹೋಗಬೇಕು. ಗಾಯವಾದಾಗ ಯಾವ ಆರ್‌ಆರ್ ಬೆಟಾಲಿಯನ್‌ನಲ್ಲಿ ಇದ್ದರು ಎಂಬುದನ್ನು ಮಾತ್ರ ಮರೆಯದೆ ಬರೆಯಿರಿ. ಗಾಯದ ವರದಿ ಹೊರಟಿದ್ದು ಆ ಬೆಟಾಲಿಯನ್‌ನಿಂದ ಅಲ್ವಾ.

ಅರ್ಜಿ ಬರೆಯುವುದು

ಕಥೆ ಬೇಡ. ಒಂದು ಪುಟ ಸಾಕು. ರೆಕಾರ್ಡ್ ಆಫೀಸ್‌ನಲ್ಲಿ ಕನ್ನಡ ಓದುವವರು ಸಿಗುವುದು ಕಷ್ಟ, ಹಿಂದಿ ಅಥವಾ ಇಂಗ್ಲಿಷ್‌ನಲ್ಲಿ ಬರೆಸಿ. ಅದರಲ್ಲಿ ಇರಬೇಕಾದದ್ದು:

- ಆರ್ಮಿ ನಂಬರ್, ರ್ಯಾಂಕ್, ದಾಖಲೆಯಲ್ಲಿರುವಂತೆಯೇ ಹೆಸರು, ಸೇರಿದ ಮತ್ತು ಬಿಡುಗಡೆಯಾದ ತಾರೀಕು
- ಗಾಯವಾದ ತಾರೀಕು, ಜಾಗ, ಕಾರ್ಯಾಚರಣೆಯ ಹೆಸರು, ಆಗ ಇದ್ದ ಯೂನಿಟ್
- ಗಾಯ ಹೇಗಾಯಿತು, ದೇಹದ ಯಾವ ಭಾಗಕ್ಕೆ, ಎರಡೇ ಸಾಲಿನಲ್ಲಿ
- ಚಿಕಿತ್ಸೆ ಪಡೆದ ಆಸ್ಪತ್ರೆಗಳು, ಮೊದಲು ಸಾಗಿಸಿದ ಫೀಲ್ಡ್ ಆಸ್ಪತ್ರೆಯಿಂದ ಹಿಡಿದು
- ಗೊತ್ತಿದ್ದರೆ ಪಾರ್ಟ್ ಟು ಆರ್ಡರ್ ನಂಬರ್

ಮೂರನೆಯ ಅಂಶಕ್ಕೆ ಗಮನ ಕೊಡಿ. 'ಕಾರ್ಯಾಚರಣೆಯ ವೇಳೆ ಪೆಟ್ಟಾಯಿತು' ಎಂದು ತೇಲಿಸಿ ಬರೆದರೆ ಅರ್ಜಿ ನೋಡುವವರಿಗೆ ಏನೂ ತಿಳಿಯುವುದಿಲ್ಲ. 'ಶತ್ರುವಿನ ಮೋರ್ಟಾರ್ ಶೆಲ್ ಬಿದ್ದು ಬಲ ತೊಡೆಗೆ ಚೂರು ಹೊಕ್ಕಿತು' ಎಂದರೆ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಇರುವುದನ್ನು ಇದ್ದ ಹಾಗೆ ಬರೆಯಿರಿ, ಮಸಾಲೆ ಸೇರಿಸಬೇಡಿ. ಆಸ್ಪತ್ರೆಯ ಕಾಗದದಲ್ಲಿ ಎಡಗಾಲು ಎಂದಿದ್ದು ಅರ್ಜಿಯಲ್ಲಿ ಬಲಗಾಲು ಎಂದಾದರೆ ತಿಂಗಳುಗಟ್ಟಲೆ ಪತ್ರವ್ಯವಹಾರ ಶುರುವಾಗುತ್ತದೆ.

ಕೊನೆಯಲ್ಲಿ ಎರಡು ಬೇಡಿಕೆ ಇಡಿ. ಒಂದು, ಪದಕ ಮಂಜೂರಾಗಿದೆಯೇ ಎಂದು ಪರಿಶೀಲಿಸಿ. ಮಂಜೂರಾಗಿದ್ದರೆ ಕಳುಹಿಸಿಕೊಡಿ, ಆಗಿಲ್ಲದಿದ್ದರೆ ಪರಿಗಣಿಸಿ. ಎರಡು, ಆಗುವುದಿಲ್ಲ ಎಂದಾದರೆ ಕಾರಣವನ್ನು ಬರಹದಲ್ಲಿ ತಿಳಿಸಿ. ಮಂಜೂರಾಗಿ ಪಾರ್ಟ್ ಟು ಆರ್ಡರ್ ಕೂಡ ಆಗಿ, ಪದಕ ಮಾತ್ರ ಮನೆಗೆ ಬಾರದೆ ಉಳಿದಿರುವ ಸಾಧ್ಯತೆಯೂ ಇದೆ. ಆದ್ದರಿಂದ ಮೊದಲ ಬೇಡಿಕೆಯನ್ನು ಬಿಡಬೇಡಿ.

ಮೂಲ ಕಾಗದ ಯಾವುದನ್ನೂ ಕಳುಹಿಸಬೇಡಿ. ಜೆರಾಕ್ಸ್ ಮಾಡಿಸಿ ದೃಢೀಕರಿಸಿ ಕಳುಹಿಸಿ. ಸ್ಪೀಡ್ ಪೋಸ್ಟ್ ರಸೀದಿಯನ್ನು ಅರ್ಜಿಯ ನಕಲಿಗೇ ಪಿನ್ ಮಾಡಿ ಇಡಿ. ಸೈನಿಕರು ತೀರಿಕೊಂಡಿದ್ದರೆ ಹೆಂಡತಿ ಅಥವಾ ಮಕ್ಕಳು ಅರ್ಜಿ ಹಾಕಬಹುದು. ಮರಣ ಪತ್ರ, ಸಂಬಂಧದ ದಾಖಲೆ ಜೊತೆಗಿರಲಿ. ಮಕ್ಕಳು ವಿದೇಶದಲ್ಲಿದ್ದರೆ ಅಮ್ಮನ ಹೆಸರಲ್ಲೇ ಅರ್ಜಿ ಹಾಕಿಸುವುದು ಸುಲಭ. ವಿಳಾಸ ಊರಿನದಾಗಿರುತ್ತದೆ, ಅಂಚೆಯೂ ತಪ್ಪುವುದಿಲ್ಲ.

ಒಬ್ಬರೇ ಓಡಾಡಬೇಕಿಲ್ಲ. ನಿಮ್ಮ ಜಿಲ್ಲೆಗೆ ಸೇರಿದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಜನ ಈಗಲೂ ಅದನ್ನು ಸೈನಿಕ್ ಬೋರ್ಡ್ ಎಂದೇ ಕರೆಯುತ್ತಾರೆ. ಅರ್ಜಿಯನ್ನು ಅವರ ಪತ್ರದ ಜೊತೆ ಕಳುಹಿಸಿದರೆ ಅದಕ್ಕೆ ಒಂದು ನಂಬರ್ ಬೀಳುತ್ತದೆ. ನಂಬರ್ ಇದ್ದರೆ ಕೇಳುವುದು ಸುಲಭ.

ಉತ್ತರ ಬರದಿದ್ದರೆ

ಎರಡು ಮೂರು ತಿಂಗಳು ಕಾಯಿರಿ. ಒಂದು ನೆನಪೋಲೆ ಹಾಕಿ. ಆಮೇಲೂ ಸುಮ್ಮನಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. 'ಪದಕ ಕೊಡಿ' ಎಂದು ಅಲ್ಲಿ ಕೇಳಬೇಡಿ, ಅದು ಮಾಹಿತಿ ಅಲ್ಲ. ಗಾಯದ ಬಗ್ಗೆ ಪ್ರಕಟವಾದ ಪಾರ್ಟ್ ಟು ಆರ್ಡರ್‌ನ ಪ್ರತಿ, ಗಾಯದ ವರದಿಯ ಪ್ರತಿ, ಮೆಡಿಕಲ್ ಬೋರ್ಡ್ ನಡಾವಳಿಯ ಪ್ರತಿ, ಮಂಜೂರಾದ ಪದಕಗಳ ಪಟ್ಟಿ, ಇವನ್ನು ಕೇಳಿ. ಗಾಯಗೊಂಡವರೇ ಕೇಳಿದರೆ ಒಳ್ಳೆಯದು. ಬೇರೆಯವರು ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕಬಹುದು. ಮನೆಯವರು ಕೇಳುವುದಾದರೆ ಸಂಬಂಧದ ಪುರಾವೆ ಲಗತ್ತಿಸಿ. ಬಿಎಸ್‌ಎಫ್, ಸಿಆರ್‌ಪಿಎಫ್, ಅಸ್ಸಾಂ ರೈಫಲ್ಸ್‌ನಂಥ ಪಡೆಗಳಿಗೆ ಈ ಕಾಯ್ದೆಯಿಂದ ಬಹುಮಟ್ಟಿಗೆ ವಿನಾಯಿತಿ ಇದೆ, ಆ ದಾರಿ ಅಲ್ಲಿ ನಡೆಯುವುದಿಲ್ಲ.

ನಿಜವಾದ ಕಷ್ಟ ಬೇರೆ. 'ದಾಖಲೆ ನಾಶವಾಗಿದೆ' ಎಂಬ ಉತ್ತರ ಬಂದರೆ? ಪೆನ್ಷನ್ ಇಲ್ಲದೆ ಬಿಡುಗಡೆಯಾದವರ ಸೇವಾ ಕಾಗದಗಳನ್ನು 25 ವರ್ಷದ ನಂತರ ನಾಶ ಮಾಡಲು ಸೇನೆಯ ನಿಯಮದಲ್ಲೇ ಅವಕಾಶ ಇದೆ. 1962ರಲ್ಲಿ, 1965ರಲ್ಲಿ ಗಾಯಗೊಂಡು ಬೇಗ ಮನೆಗೆ ಬಂದವರಿಗೆ ಇದು ದೊಡ್ಡ ಪೆಟ್ಟು. ಆದರೆ ಲಾಂಗ್ ರೋಲ್ ಎಂಬ ಹಳೆಯ ದೊಡ್ಡ ರಿಜಿಸ್ಟರ್ ಉಳಿದಿರುತ್ತದೆ. ಅದರಲ್ಲಿ ಹೆಸರು, ಸೇರಿದ ದಿನ, ಬಿಡುಗಡೆಯ ಕಾರಣ ಚಿಕ್ಕದಾಗಿ ಇರುತ್ತದೆ. ಅದರ ಪ್ರತಿ ಕೇಳಿ. ಆಮೇಲೆ ಯೂನಿಟ್‌ಗೇ ನೇರವಾಗಿ ಬರೆಯಿರಿ. ಪ್ರತಿ ಬೆಟಾಲಿಯನ್ ತನ್ನ ಇತಿಹಾಸವನ್ನು ಬರೆದಿಡುತ್ತದೆ. ಯಾವ ದಾಳಿಯಲ್ಲಿ ಯಾರು ಗಾಯಗೊಂಡರು ಎಂಬ ಪಟ್ಟಿ ಅಲ್ಲಿ ಸಿಗಬಹುದು. ತಮ್ಮ ಹಳೆಯ ಜವಾನರ ಪತ್ರಕ್ಕೆ ಬೆಟಾಲಿಯನ್‌ಗಳು ಕೊಡುವ ಬೆಲೆ ಕಚೇರಿಗಳಿಗಿಂತ ಬೇರೆ. ಯೂನಿಟ್ ಶುರುವಾದ ದಿನದ ಆಚರಣೆಗೆ, ಅಂದರೆ ರೈಸಿಂಗ್ ಡೇಗೆ, ಹೋಗಿ ಹಳೆಯ ಸುಬೇದಾರ್ ಸಾಹೇಬರನ್ನು ಹುಡುಕುವುದೂ ಒಂದು ದಾರಿ. ಅದೇ ದಿನ ಪಕ್ಕದಲ್ಲಿದ್ದವರು, ಆಗಿನ ಕಂಪನಿ ಕಮಾಂಡರ್, ಯಾರಾದರೂ ಬದುಕಿದ್ದರೆ ಅಫಿಡವಿಟ್ ತೆಗೆದುಕೊಳ್ಳಿ. ಇದನ್ನು ಮುಂದೂಡಬೇಡಿ. 1971ರಲ್ಲಿ ಇಪ್ಪತ್ತರ ಹುಡುಗನಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ.

ಕಾರಣ ಕೊಟ್ಟು ನಿರಾಕರಿಸಿದ್ದು ಸರಿಯಲ್ಲ ಅನ್ನಿಸಿದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಹೋಗಬೇಕು. ಬರೀ ಪದಕಕ್ಕಾಗಿ ಅಲ್ಲಿಗೆ ಹೋಗುವ ಮೊದಲು ಯೋಚಿಸಿ. ಪೆನ್ಷನ್ ವಿಷಯವೂ ಜೊತೆಗಿದ್ದರೆ ಮಾತು ಬೇರೆ.

ಪದಕ ಬೇರೆ, ಪೆನ್ಷನ್ ಬೇರೆ

ಪದಕ ಬಂತು, ಇನ್ನು ಪೆನ್ಷನ್ ತಾನಾಗಿ ಜಾಸ್ತಿ ಆಗುತ್ತದೆ ಎಂದುಕೊಳ್ಳಬೇಡಿ. ಪದಕ ಇಲ್ಲ, ಹಾಗಾಗಿ ವಾರ್ ಇಂಜುರಿ ಪೆನ್ಷನ್ ಸಿಗುವುದಿಲ್ಲ ಎಂದೂ ಅಲ್ಲ. ಎರಡಕ್ಕೂ ನಿಯಮ ಬೇರೆ.

ರಕ್ಷಣಾ ಸಚಿವಾಲಯ 2001ರ ಜನವರಿ 31ರಂದು ಹೊರಡಿಸಿದ ಆದೇಶ ಸಾವು ಮತ್ತು ಗಾಯಗಳನ್ನು ಎ ಇಂದ ಇ ತನಕ ಐದು ಗುಂಪು ಮಾಡಿತು. ಯುದ್ಧ, ಗಡಿ ಚಕಮಕಿ, ಉಗ್ರರ ವಿರುದ್ಧದ ಕಾರ್ಯಾಚರಣೆ ಇತ್ಯಾದಿ ಇ ಗುಂಪಿಗೆ ಬರುತ್ತವೆ. ಮೊದಲೇ ಹೇಳಿದ, ಗಡಿಯಲ್ಲಿ ಮೈನ್ ಹೂಳುವಾಗ ತೆಗೆಯುವಾಗ ಆದ ಸ್ಫೋಟವೂ ಇದೇ ಗುಂಪು. ಇ ಗುಂಪಿನ ಗಾಯದಿಂದ ಸೇವೆ ಬಿಡಬೇಕಾಗಿ ಬಂದರೆ ಸಿಗುವುದು ವಾರ್ ಇಂಜುರಿ ಪೆನ್ಷನ್. ಶೇಕಡಾ 100 ಅಂಗವೈಕಲ್ಯವಿದ್ದರೆ ಅದರ ಗಾಯದ ಭಾಗವೇ ಕೊನೆಯ ಸಂಬಳದಷ್ಟು. ಮಾಮೂಲಿ ಡಿಸೆಬಿಲಿಟಿ ಪೆನ್ಷನ್‌ನಲ್ಲಿ ಆ ಭಾಗ ಶೇಕಡಾ 30. ಕಾಗದದ ಮೇಲೆ ಒಂದು ಪದ ಬದಲಾದರೆ ಮನೆಗೆ ಬರುವ ದುಡ್ಡು ಎಷ್ಟು ಬದಲಾಗುತ್ತದೆ ನೋಡಿ.

2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಬಂದಿವೆ. ಅದಕ್ಕಿಂತ ಮೊದಲು ಸೇವೆ ಬಿಟ್ಟವರು ಹಳೆಯ ನಿಯಮದ ಮೇಲೆಯೇ ಕೇಳಬೇಕು. ಪೆನ್ಷನ್ ತಿದ್ದುಪಡಿಗೆ ಸ್ಪರ್ಶ್ ಪೋರ್ಟಲ್ ಇದೆ, ಆದರೆ ಪದಕದ ಅರ್ಜಿ ಅಲ್ಲಿ ಹಾಕಿ ಕಾಯುತ್ತ ಕೂರಬೇಡಿ. ಮಕ್ಕಳ ಓದಿಗೆ ಕೊಡುವ ಆದ್ಯತಾ ಪಟ್ಟಿಯಲ್ಲಿ, ಕಾಳಗದಲ್ಲಿ ಅಂಗವಿಕಲರಾಗಿ ಸೇವೆ ಬಿಟ್ಟವರ ಮಕ್ಕಳಿಗೆ ಎರಡನೇ ಸ್ಥಾನ ಇದೆ. ಇದಕ್ಕೆ ಬೇಕಾದ ಪ್ರಮಾಣಪತ್ರವನ್ನೂ ಸೈನಿಕ್ ಬೋರ್ಡ್‌ನಲ್ಲೇ ಕೇಳಿ. ಬರೀ ಪದಕ ತೋರಿಸಿದರೆ ಆಗುವುದಿಲ್ಲ.

ಪದಕ ಕೈಗೆ ಬಂದ ಮೇಲೆ

ಮೊದಲು ಅಂಚಿನ ಅಕ್ಷರ ಓದಿ. ನಂಬರ್, ಹೆಸರು ತಪ್ಪಾಗಿದ್ದರೆ ಕೂಡಲೇ ಬರೆದು ವಾಪಸ್ ಕಳುಹಿಸಿ.

ಧರಿಸುವುದು ಎಡ ಎದೆಯ ಮೇಲೆ. ಶೌರ್ಯ ಪದಕಗಳು, ವಿಶಿಷ್ಟ ಸೇವಾ ಪದಕಗಳು, ಉತ್ತಮ ಜೀವನ ರಕ್ಷಾ ಪದಕದ ನಂತರ ಇದು ಬರುತ್ತದೆ. ಸಾಮಾನ್ಯ ಸೇವಾ ಪದಕ, ಯುದ್ಧದ ಸ್ಟಾರ್‌ಗಳು, ಸೈನ್ಯ ಸೇವಾ ಪದಕ ಎಲ್ಲ ಇದರ ಆಚೆಗೆ. ಸೈನಿಕರು ತೀರಿಕೊಂಡಿದ್ದರೆ ಹತ್ತಿರದ ಬಂಧುಗಳು ಸ್ಮಾರಕದ ಸಮಾರಂಭಗಳಲ್ಲಿ ಬಲ ಎದೆಯ ಮೇಲೆ ಧರಿಸಲು ಸೇನೆ ಈಗ ಅವಕಾಶ ಕೊಟ್ಟಿದೆ. ಎಡಕ್ಕೆ ಹಾಕಿಕೊಂಡರೆ ಅದು ನಿಮ್ಮದೇ ಪದಕ ಎಂದಾಗುತ್ತದೆ, ಎಚ್ಚರ.

ಹುಣಸೆಹಣ್ಣು, ಪೀತಾಂಬರಿ ಹಾಕಿ ಉಜ್ಜಬೇಡಿ. ದೇವರ ಮನೆಯ ಪಾತ್ರೆಯಂತೆ ಹೊಳೆಯಬೇಕು ಎಂಬ ಆಸೆಗೆ ಅಂಚಿನ ಹೆಸರೇ ಸವೆದುಹೋಗುತ್ತದೆ. ಒಣಬಟ್ಟೆ ಸಾಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ರಿಬ್ಬನ್‌ಗೆ ಬೂಷ್ಟು ಹಿಡಿಯುತ್ತದೆ, ಹಾಳಾದರೆ ರಿಬ್ಬನ್ ಬದಲಿಸಬಹುದು. ಕಂಟೋನ್ಮೆಂಟ್ ಬಳಿಯ ಮಿಲಿಟರಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಅದೇ ಅಂಗಡಿಯಲ್ಲಿ ಪದಕದ ನಕಲು ಕೂಡ ಸಿಗುತ್ತದೆ. ಮೂಲ ಪದಕ ಕಳೆದುಹೋದವರು ಅದನ್ನು ಕೊಂಡು ಸಮಾಧಾನ ಮಾಡಿಕೊಳ್ಳುವ ಬದಲು ಪೊಲೀಸ್ ದೂರಿನ ಪ್ರತಿ ಜೊತೆ ರೆಕಾರ್ಡ್ ಆಫೀಸ್‌ಗೆ ಬರೆದು ಬದಲಿ ಪದಕ ಕೇಳಲಿ.

ಈಗ ಸೇವೆಯಲ್ಲಿ ಇರುವವರಿಗೆ

ಮಗನೋ ತಮ್ಮನೋ ಗಾಯಗೊಂಡು ಮಿಲಿಟರಿ ಆಸ್ಪತ್ರೆಯಲ್ಲಿದ್ದರೆ, ಈ ಲೇಖನದ ಅರ್ಧ ಭಾಗ ನಿಮಗೆ ಬೇಕಾಗದಂತೆ ಈಗಲೇ ಮಾಡಿಕೊಳ್ಳಬಹುದು. ಮೊದಲು ಅವನ ಆರೋಗ್ಯ. ಸ್ವಲ್ಪ ಚೇತರಿಸಿಕೊಂಡ ಮೇಲೆ ಯೂನಿಟ್‌ನಿಂದ ಬರುವ ಜೊತೆಗಾರನನ್ನೋ ಯೂನಿಟ್ ಆಡಳಿತ ನೋಡುವ ಅಡ್ಜುಟೆಂಟ್ ಸಾಹೇಬರನ್ನೋ ಎರಡು ಮಾತು ಕೇಳಿ: ಬ್ಯಾಟಲ್ ಕ್ಯಾಷುಯಲ್ಟಿ ಎಂದು ವರದಿ ಹೋಗಿದೆಯೇ, ಪಾರ್ಟ್ ಟು ಆರ್ಡರ್ ಆಗಿದೆಯೇ. ಕೇಳಿದರೆ ತಪ್ಪು ತಿಳಿಯುತ್ತಾರೆ ಎಂಬ ಸಂಕೋಚ ಬೇಡ, ಇದು ಅವರಿಗೂ ದಿನನಿತ್ಯದ ಕೆಲಸ. ಗಾಯದ ವರದಿಯ ಒಂದು ಪ್ರತಿ, ಆಸ್ಪತ್ರೆಯಿಂದ ಹೊರಡುವಾಗ ಕೊಡುವ ಎಲ್ಲ ಹಾಳೆ, ಮುಂದೆ ಪ್ರತಿ ಮೆಡಿಕಲ್ ಬೋರ್ಡ್ ಆದಾಗಲೂ ಅದರ ಪ್ರತಿ, ಎಲ್ಲ ಒಂದೇ ಫೈಲಿನಲ್ಲಿ ಹೋಗಲಿ. ಮೆಡಿಕಲ್ ಬೋರ್ಡ್‌ನ ಹಾಳೆಯಲ್ಲಿ ಗಾಯದ ಕಾರಣ ಬರೆದಿರುವ ಜಾಗವನ್ನು ಸಹಿ ಹಾಕುವ ಮೊದಲು ಓದಲು ಹೇಳಿ. ಯೂನಿಟ್ ಬೇರೆ ಕಡೆ ಹೋದಮೇಲೆ, ಅಧಿಕಾರಿಗಳು ಬದಲಾದಮೇಲೆ ಅದೇ ಸಾಲನ್ನು ತಿದ್ದಿಸಲು ವರ್ಷಗಟ್ಟಲೆ ಹಿಡಿಯುತ್ತದೆ. ಆ ಫೈಲ್ ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ.